ತಳಿಯ ಹೆಸರು ಬಿಡಿ, ಊರಿನ ಅಕ್ಟೋಬರ್ ನೋಡಿ

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂದು ಮನೆಗೆ ನಾಲ್ಕು ಗಿಡ. ಮನೆಯಲ್ಲಿ ಎಷ್ಟು ಜನರಿದ್ದರೂ ನಾಲ್ಕೇ. ಬೀಜವನ್ನು ಅನುಮತಿ ಪಡೆದ ಅಂಗಡಿಯಿಂದ ತರಬೇಕು. ಬೆಳೆದದ್ದನ್ನು ಮಾರುವಂತಿಲ್ಲ, ಇನ್ನೊಬ್ಬ ವಯಸ್ಕರಿಗೆ 30 ಗ್ರಾಂ ಒಣಹೂವಿನ ತನಕ ಸುಮ್ಮನೆ ಕೊಡಬಹುದು. ಕ್ವಿಬೆಕ್ ಪ್ರಾಂತ್ಯವು ಮನೆಯಲ್ಲಿ ಬೆಳೆಯುವುದನ್ನೇ ನಿಷೇಧಿಸಿತು, 2023ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ನಾನು ಮೊದಲಿದ್ದ ಸಸ್ಕಾಚೆವನ್, ಈಗಿರುವ ಒಂಟಾರಿಯೋ, ಅಕ್ಕನ ಮಗಳಿರುವ ಬ್ರಿಟಿಷ್ ಕೊಲಂಬಿಯಾ, ಈ ಮೂರು ಕಡೆಯೂ ನಾಲ್ಕು ಗಿಡಕ್ಕೆ ಅಡ್ಡಿಯಿಲ್ಲ.

ನಾನು ಸೇದುವವನಲ್ಲ. ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಿಗೆ ಹಿತ್ತಿಲಲ್ಲಿ ನೆಡಲು ಹೊಸ ಗಿಡವೊಂದು ಸಿಕ್ಕಿದರೆ ಕೈ ಸುಮ್ಮನಿರುವುದಿಲ್ಲ, ಅಷ್ಟೇ. ಸಸ್ಕಟೂನಿನಲ್ಲಿ ಶುರುವಾದ ಈ ಹವ್ಯಾಸ ನಾನು ಬ್ರ್ಯಾಂಪ್ಟನ್‌ಗೆ ಬಂದ ಮೇಲೆ ಮೂರು ಊರಿನ ಪ್ರಯೋಗವಾಯಿತು. ಸಸ್ಕಟೂನಿನಲ್ಲಿ ಧಾರವಾಡ ಕಡೆಯ ಗೆಳೆಯ, ವ್ಯಾಂಕೂವರ್ ಪಕ್ಕದ ಸರ್‍ರೆಯಲ್ಲಿ ಅಕ್ಕನ ಮಗಳು, ಇಲ್ಲಿ ನಾನು. ಅವರವರ ಪ್ರಾಂತ್ಯದ ಅಂಗಡಿಯಿಂದ ಆದಷ್ಟು ಒಂದೇ ತಳಿಗಳ ಬೀಜ, ಒಂದೇ ಅಳತೆಯ ಕುಂಡ, ಒಂದೇ ಬಗೆಯ ಮಣ್ಣು. ಮೊದಲ ಹೂ ಕಂಡ ದಿನ, ಮಳೆ, ಚಳಿ, ರೋಗ, ಕೊಯ್ಲು ಎಲ್ಲವನ್ನೂ ಬರೆದಿಡುವುದು ನಮ್ಮ ಒಪ್ಪಂದ. ಕೆಲವು ಬೇಸಿಗೆಗಳ ಆ ಟಿಪ್ಪಣಿಗಳಿಂದ ನಾನು ಕಲಿತದ್ದು ಇಲ್ಲಿದೆ.

ಮೂರು ಬಗೆಯ ತಳಿಗಳನ್ನು ಹೋಲಿಸಿ ನೋಡಿದೆವು. ಮೊದಲನೆಯದು ಆಫ್ಘಾನಿಸ್ತಾನದ ಹಿಂದೂಕುಶ್ ಕಡೆಯ ವಂಶದ್ದು: ಗಿಡ್ಡ, ಅಗಲ ಎಲೆ, ಕೈಯಲ್ಲಿ ಹಿಡಿದರೆ ಗಟ್ಟಿ ಅನ್ನಿಸುವ ಹೂಗೊಂಚಲು. ಎರಡನೆಯದು ಉಷ್ಣವಲಯದ್ದು. ಕೇರಳದ ಇಡುಕ್ಕಿಯಿಂದ ಥಾಯ್ಲೆಂಡ್‌ವರೆಗಿನ ನಾಡುಗಳಲ್ಲಿ ಬೆಳೆದು ಬಂದ ಎತ್ತರದ, ಸಪೂರ ಎಲೆಯ, ಹೂವು ಬಿಡಿಬಿಡಿಯಾಗಿರುವ ಗಿಡ. ಮೂರನೆಯದನ್ನು ಇಲ್ಲಿ ಎಲ್ಲರೂ ಆಟೋಫ್ಲವರ್ ಎನ್ನುತ್ತಾರೆ. 1924ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್‌ಸ್ಕಿ ಕಾಡುಗಿಡವಾಗಿ ಗುರುತಿಸಿ ರುಡೆರಾಲಿಸ್ ಎಂದು ಹೆಸರಿಟ್ಟ ಕುಳ್ಳ ಗಿಡದ ರಕ್ತ ಇದರಲ್ಲಿದೆ. ಉಳಿದೆರಡು ಗಿಡಗಳು ಹೂ ಬಿಡಲು ಹಗಲಿನ ಉದ್ದ ನೋಡುತ್ತವೆ. ಇದು ತನ್ನ ವಯಸ್ಸು ನೋಡುತ್ತದೆ. ಬೀಜ ಊರಿದ ಹತ್ತರಿಂದ ಹನ್ನೆರಡು ವಾರದಲ್ಲಿ ಕೊಯ್ಲಿಗೆ ಬಂದುಬಿಡುತ್ತದೆ.

ಹಗಲಿನ ಉದ್ದದ ವಿಚಾರ ಚಿಕ್ಕಬಳ್ಳಾಪುರದ ಸೇವಂತಿಗೆ ಬೆಳೆಗಾರರಿಗೆ ಹೊಸದಲ್ಲ. ರಾತ್ರಿ ಹೊಲದಲ್ಲಿ ಬಲ್ಬು ಉರಿಸಿ, ಗಿಡಕ್ಕೆ ಹಗಲು ಇನ್ನೂ ಮುಗಿದಿಲ್ಲ ಎನ್ನಿಸಿ, ಹೂವನ್ನು ತಡೆಹಿಡಿಯುತ್ತಾರೆ. ಗಾಂಜಾ ಗಿಡವೂ ಅದೇ ಜಾತಿಯ ಲೆಕ್ಕದ್ದು: ರಾತ್ರಿ ಸಾಕಷ್ಟು ಉದ್ದವಾದಾಗ ಮಾತ್ರ ಹೂವಿಗೆ ಕೂರುತ್ತದೆ. ಹಗಲು ಸುಮಾರು 14 ಗಂಟೆಗೆ ಇಳಿಯುವ ಹೊತ್ತಿಗೆ ಹೆಚ್ಚಿನ ತಳಿಗಳು ಮನಸ್ಸು ಮಾಡುತ್ತವೆ, ಕೆಲವು ಇನ್ನೂ ಕಾಯುತ್ತವೆ. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಬ್ರ್ಯಾಂಪ್ಟನ್‌ನಲ್ಲಿ ಜೂನ್ ಕೊನೆಗೆ ಹಗಲು ಹದಿನೈದೂವರೆ ಗಂಟೆ, ಸರ್‍ರೆಯಲ್ಲಿ ಹದಿನಾರು ದಾಟುತ್ತದೆ, ಸಸ್ಕಟೂನಿನಲ್ಲಿ ಹದಿನಾರು ಮುಕ್ಕಾಲು.

ನಕ್ಷೆಯಲ್ಲಿ ಕಾಣದ ಇಕ್ಕಟ್ಟು ಇಲ್ಲಿಂದ ಶುರು. ಹಗಲು 14 ಗಂಟೆಗೆ ಇಳಿಯುವುದು ಬ್ರ್ಯಾಂಪ್ಟನ್‌ನಲ್ಲಿ ಆಗಸ್ಟ್ ನಡುವಿಗೆ, ಸಸ್ಕಟೂನಿನಲ್ಲಿ ಆಗಸ್ಟ್ ಕೊನೆಯ ವಾರಕ್ಕೆ. ಉತ್ತರಕ್ಕೆ ಹೋದಷ್ಟೂ ಹೂವು ತಡ. ಆದರೆ ಇಬ್ಬನಿ ಗಡ್ಡೆಕಟ್ಟಿ ಎಲೆ ಸುಡುವ ಫ್ರಾಸ್ಟ್ ಉತ್ತರದಲ್ಲೇ ಬೇಗ: ಸಸ್ಕಟೂನಿನಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ನಡುವಿಗೆ ಬಂದಿಳಿಯುತ್ತದೆ, ನಮ್ಮ ಕಡೆ ಅಕ್ಟೋಬರ್ ತನಕ ತಡೆಯುತ್ತದೆ. ಆಫ್ಘನ್ ತಳಿ ಹೂವಿಗೆ ಕೂತ ಮೇಲೆ ಮಾಗಲು ಎಂಟು ಒಂಬತ್ತು ವಾರ ಬೇಕು. ಉಷ್ಣವಲಯದ್ದಕ್ಕೆ ಹನ್ನೆರಡು ವಾರವೂ ಸಾಲದು. ಸಸ್ಕಟೂನಿನ ಗೆಳೆಯ ಒಂದು ಸಂಜೆ ಫೋನಿನಲ್ಲಿ ಇಷ್ಟನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ: "ಹಗಲ ಮುಗಿಯವಲ್ದು, ಗಿಡ ಹೂ ಬಿಡಬೇಕಂದ್ರ ಹೆಂಗ್ ಬಿಟ್ಟೀತು? ಬಿಡೂದ್ರಾಗ ಚಳಿ ಬಂದ್ ಕೂತಿರ್ತದ."

ಅವನ ಹಿತ್ತಿಲಿನಲ್ಲಿ ಉಷ್ಣವಲಯದ ಗಿಡ ಆಳೆತ್ತರ ದಾಟಿತು, ಬೇಲಿಯಾಚೆ ಇಣುಕಿತು, ಬಿಳಿ ಎಳೆಗಳ ಮೊದಲ ಹೂವು ಕಾಣುವಷ್ಟರಲ್ಲಿ ಫ್ರಾಸ್ಟಿಗೆ ಕರಗಿತು. ಆಫ್ಘನ್ ತಳಿಯ ಕಥೆಯೂ ಅರ್ಧಕ್ಕೇ ನಿಂತಿತು. ಆಟೋಫ್ಲವರ್ ಮಾತ್ರ ಆಗಸ್ಟ್ ಮುಗಿಯುವುದರೊಳಗೆ ಕೊಯ್ಲಾಗಿ ಒಳಗೆ ತೂಗಾಡುತ್ತಿತ್ತು. ಸಸ್ಕಟೂನಿನ ಒಣಹವೆ, ಕೊನೆಯಿಲ್ಲದ ಬಿಸಿಲು, ತಂಪು ರಾತ್ರಿ ಅದಕ್ಕೆ ಹೇಳಿ ಮಾಡಿಸಿದಂತಿದ್ದವು. ಶಿಲೀಂಧ್ರದ ಕಾಟವೇ ಇರಲಿಲ್ಲ. ಅಲ್ಲಿನ ಶತ್ರು ಬೇರೆ: ಬಯಲುಸೀಮೆಯ ಗಾಳಿ ಮತ್ತು ಜುಲೈನ ಆಲಿಕಲ್ಲು. ಹಾಗಾಗಿ ಕುಂಡವೇ ಲೇಸು. ಮೋಡ ಕಪ್ಪಾದರೆ ಎತ್ತಿ ಗ್ಯಾರೇಜಿನೊಳಗೆ ಇಡಬಹುದು.

ಆ ಪ್ರದೇಶದ ರೈತರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಕೆನಡಾ 1998ರಲ್ಲೇ ಕೈಗಾರಿಕಾ ಹೆಂಪಿಗೆ, ಅಂದರೆ ಅಮಲಿನ ಅಂಶವಾದ ಟಿಎಚ್‌ಸಿ ಶೇಕಡಾ 0.3ಕ್ಕಿಂತ ಹೆಚ್ಚಿಲ್ಲದ ಗಾಂಜಾ ಬೆಳೆಗೆ ಅನುಮತಿ ಕೊಟ್ಟಿತು. ಸಸ್ಕಾಚೆವನ್‌ನಂಥ ಪ್ರೇರಿ ಪ್ರಾಂತ್ಯಗಳಲ್ಲಿ ಕಾಳಿಗಾಗಿ ಬೆಳೆದ ಫಿನೋಲಾ ಎಂಬ ಕುಳ್ಳ ತಳಿ ಫಿನ್ಲೆಂಡಿನಲ್ಲಿ ರೂಪುಗೊಂಡದ್ದು. ಉದ್ದ ಹಗಲು, ಕಿರಿದಾದ ಬೇಸಿಗೆ ಎರಡೂ ಅದಕ್ಕೆ ಹುಟ್ಟೂರಿನ ಅಭ್ಯಾಸ. ದೂರದ ತಳಿಯನ್ನು ತಂದರೂ ಹಗಲೂ ಬೇಸಿಗೆಯೂ ಹೋಲುವ ನಾಡಿನಿಂದ ತಂದರೆ ಒಗ್ಗುತ್ತದೆ ಎಂಬ ಸೂತ್ರ ಅಲ್ಲಿ ಹೊಲಗಟ್ಟಲೆ ಹರಡಿಕೊಂಡಿತ್ತು.

ಸರ್‍ರೆಯ ಪಾಠ ಬೇರೆಯದು. ಅಲ್ಲಿ ಫ್ರಾಸ್ಟಿನ ಭಯ ಕಡಿಮೆ. ಜುಲೈ, ಆಗಸ್ಟ್ ಒಣಬಿಸಿಲು. ಗಿಡ ಚೆನ್ನಾಗಿ ಮೈದುಂಬುತ್ತದೆ. ಅಕ್ಟೋಬರ್ ಹತ್ತಿರ ಬಂದಂತೆ ಸಾಗರದ ಮಳೆ ಜಿನುಗಲು ಹಿಡಿದರೆ ಬಿಡುವ ಮಾತಿಲ್ಲ. ಗಟ್ಟಿ ಗೊಂಚಲಿನ ಆಫ್ಘನ್ ತಳಿಗೆ ಅದೇ ಮುಳುವು. ಒಣನಾಡಿನ ಗಿಡ ಅದು. ಗೊಂಚಲಿನ ಒಳಗೆ ಗಾಳಿ ಆಡುವ ಹಾದಿ ಬೇಕೆಂದು ಅದರ ವಂಶಕ್ಕೆ ಎಂದೂ ಅನಿಸಿಲ್ಲ. ಹೊರಗೆ ಹಸಿರಾಗಿ ಕಂಡ ಗೊಂಚಲನ್ನು ಬಿಡಿಸಿದರೆ ನಡುವೆ ಬೂದು ಬಣ್ಣದ ಬೂಷ್ಟು. ಬೊಟ್ರೈಟಿಸ್ ಎಂಬ ಶಿಲೀಂಧ್ರದ ಕೆಲಸ. ಫೋಟೋ ನೋಡಿದೊಡನೆ ನನಗೆ ಹೊಳೆದದ್ದು ನಮ್ಮ ಅಡಿಕೆಯ ಕೊಳೆರೋಗ. ರೋಗಾಣು ಬೇರೆ, ಆದರೆ ಬಿಡದ ಮಳೆ, ಆರದ ತೇವ, ಮಾಗುತ್ತಿರುವ ಗೊನೆ ಎಂಬ ಮೂರು ಸೇರಿದರೆ ಆಗುವ ಅನಾಹುತ ಒಂದೇ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಗೆಲ್ಲಬಹುದು. ಮನುಷ್ಯರು ಸೇದುವ, ತಿನ್ನುವ ಹೂವಿನ ಮೇಲೆ ಅಂಥದ್ದನ್ನು ಸಿಂಪಡಿಸುವ ಮಾತೇ ಇಲ್ಲ. ಬೂಷ್ಟು ಹಿಡಿದದ್ದನ್ನು ಉಳಿಸಿಕೊಳ್ಳುವ ಆಸೆಯನ್ನೂ ಬಿಡಬೇಕು. ಅದು ಶ್ವಾಸಕೋಶಕ್ಕೆ ಹಾನಿ.

"ಮಾವ, ಮೊದಲು ಇದನ್ನು ಮಳೆ ಬೀಳದ ಕಡೆ ಇಡ್ತೀನಿ, ಆಮೇಲೆ ತಳಿ ಪುರಾಣ ಹೇಳು" ಎಂದ ಅಕ್ಕನ ಮಗಳು ಕುಂಡಗಳನ್ನು ಸೂರಿನಡಿಯ ಗೋಡೆಯ ಬದಿಗೆ ಸರಿಸಿದಳು. ಮೇಲಿಂದ ಮಳೆ ಬೀಳದು, ಬದಿಯಿಂದ ಗಾಳಿ ಆಡುತ್ತದೆ. ಅದೊಂದರಿಂದಲೇ ಅರ್ಧ ಬೆಳೆ ಉಳಿಯಿತು. ಅವಳು ಕಂಡುಕೊಂಡ ಇನ್ನೊಂದು ಸಂಗತಿ ಇನ್ನೂ ಮುಖ್ಯ: ಬಿಡಿ ಹೂವಿನ ಗಿಡಕ್ಕೆ ಅದೇ ಮಳೆಯಲ್ಲಿ ಅಷ್ಟು ಕೊಳೆ ಹಿಡಿಯಲಿಲ್ಲ. ಮಳೆನಾಡಿನ ವಂಶದ ಹೂವು ನೀರು ಕೊಡವಿಕೊಳ್ಳುತ್ತದೆ, ಬೇಗ ಆರುತ್ತದೆ. ಆದರೆ ಅದು ಮಾಗುವ ತನಕ ಕಾಯಲು ಸರ್‍ರೆಯ ಬೆಳಕು ಸಾಲದು. ಹಾಗಾಗಿ ಅಲ್ಲಿಗೆ ಬೇಕಾದದ್ದು ಎರಡರ ನಡುವಿನದು: ಹೂವು ಸಡಿಲವಾಗಿರಬೇಕು, ಸೆಪ್ಟೆಂಬರ್ ಕೊನೆಗೆ ಮಾಗಲೂಬೇಕು. ಅಂಥ ಮಿಶ್ರತಳಿಗಳು ಅಂಗಡಿಯಲ್ಲಿ ಇವೆ. ಪೊಟ್ಟಣದ ಮೇಲೆ ಕೊಯ್ಲಿನ ತಿಂಗಳು ಬರೆದಿದ್ದರೆ ಅದನ್ನು ಓದಬೇಕು, ಬಣ್ಣದ ಚಿತ್ರವನ್ನಲ್ಲ.

ಬ್ರ್ಯಾಂಪ್ಟನ್‌ನಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ. ಬೇಸಿಗೆ ಬಿಸಿ, ಜಿಗುಟು ಸೆಕೆ, ಆಗಾಗ ಗುಡುಗುಮಳೆ. ಆಗಸ್ಟ್ ಕೊನೆಗೆ ಎಲೆಗಳ ಮೇಲೆ ಬೂದಿರೋಗದ ಬಿಳಿಪುಡಿ. ನಮ್ಮಲ್ಲಿ ಆಫ್ಘನ್ ತಳಿ ಅಕ್ಟೋಬರ್ ಮೊದಲಾರ್ಧಕ್ಕೆ ಕೊಯ್ಲಿಗೆ ಬರುತ್ತದೆ, ಕೊನೆಯ ಎರಡು ವಾರ ಬೆಳಗಿನ ಮಂಜನ್ನು ಕೊಡವುವ ಕೆಲಸ ತಪ್ಪದು. ಒಳಗಿನ ಎಲೆ ಸವರಿ ಗಾಳಿಗೆ ದಾರಿ ಮಾಡಿದ ಗಿಡಕ್ಕೂ ಹಾಗೇ ಬಿಟ್ಟ ಗಿಡಕ್ಕೂ ಇಲ್ಲಿ ಬಹಳ ವ್ಯತ್ಯಾಸ. ಬೀದಿದೀಪವೂ ಇಲ್ಲಿ ಹವಾಮಾನದ ಭಾಗ. ದೀಪದ ಬೆಳಕು ಬೀಳುವ ಮೂಲೆಯಲ್ಲಿದ್ದ ಗಿಡ, ನೆರಳಲ್ಲಿದ್ದ ಒಡಹುಟ್ಟಿಗಿಂತ ತಡವಾಗಿ ಹೂ ಬಿಟ್ಟಿತು. ಸೇವಂತಿಗೆ ಬೆಳೆಗಾರ ದುಡ್ಡು ಕೊಟ್ಟು ಉರಿಸುವ ಬಲ್ಬನ್ನು ನಗರಸಭೆ ನಮಗೆ ಬೇಡದ ಕಡೆ ಪುಕ್ಕಟೆ ಉರಿಸುತ್ತಿತ್ತು.

ಕೊಯ್ಲಾದ ಮೇಲೆ ಹವೆಯ ಕೈವಾಡ ಮುಗಿಯಿತೆಂದುಕೊಳ್ಳುವುದು ಬೇಡ. ಒಣಗಿಸುವುದರಲ್ಲಿ ಮೂರು ಊರಿನ ಅಂತರ ಎದ್ದು ಕಾಣುತ್ತದೆ. ಸುಮಾರು ಶೇಕಡಾ 60ರ ತೇವಾಂಶದ ಕತ್ತಲ ತಂಪು ಕೋಣೆಯಲ್ಲಿ ಹತ್ತು ಹನ್ನೆರಡು ದಿನ ನಿಧಾನವಾಗಿ ಒಣಗಿದರೆ ಪರಿಮಳ ಉಳಿಯುತ್ತದೆ. ಸಸ್ಕಟೂನಿನ ಹವೆಯಲ್ಲಿ ಕೆಲವೇ ದಿನಕ್ಕೆ ಗರಿಗರಿಯಾಗಿ ಹುಲ್ಲಿನ ವಾಸನೆ ಬಂತು. ಗೆಳೆಯ ಕೋಣೆಯಲ್ಲಿ ನೀರಿನ ಬಕೆಟ್ ಇಡತೊಡಗಿದ. ಸರ್‍ರೆಯಲ್ಲಿ ಇದರ ತದ್ವಿರುದ್ಧ: ತೇವ ಹೀರುವ ಯಂತ್ರವಿಲ್ಲದೆ ಒಣಗಿಸಲು ಹೊರಟರೆ ತೋಟದಲ್ಲಿ ತಪ್ಪಿಸಿಕೊಂಡ ಬೂಷ್ಟು ಮನೆಯೊಳಗೆ ಹಿಡಿಯುತ್ತದೆ.

ತಳಿಗಳನ್ನು ಹೋಲಿಸುವವರಿಗೆ ಒಂದೆರಡು ಎಚ್ಚರಿಕೆ. ಒಂದೇ ಪೊಟ್ಟಣದ ಬೀಜಗಳು ಅಣ್ಣತಮ್ಮಂದಿರೇ ಹೊರತು ಒಂದೇ ಗಿಡವಲ್ಲ. ಎರಡು ಊರಿನ ವ್ಯತ್ಯಾಸ ಎಂದು ತೋರುವುದು ಎರಡು ಬೀಜದ ವ್ಯತ್ಯಾಸವೂ ಆಗಿರಬಹುದು. ಒಂದೇ ತಾಯಿಗಿಡದ ಕಡ್ಡಿ ನೆಟ್ಟು ಬೆಳೆದ ಗಿಡಗಳನ್ನು ಹೋಲಿಸಿದರೆ ಮಾತ್ರ ಹವೆಯ ಪಾಲು ಇಷ್ಟು ಎಂದು ಧೈರ್ಯವಾಗಿ ಹೇಳಬಹುದು. ಒಂದು ವರ್ಷದ ಫಲ ನೋಡಿ ತೀರ್ಪು ಕೊಡಬಾರದು. ಮಳೆ ಹದಿನೈದು ದಿನ ತಡವಾದರೆ ಸೋತ ತಳಿ ಗೆಲ್ಲುತ್ತದೆ. ಇಂಡಿಕಾ, ಸಟೈವಾ ಎಂಬ ಅಂಗಡಿಯ ಹಣೆಪಟ್ಟಿಯನ್ನೂ ನಂಬಬೇಡಿ. ಲಿನ್ನೇಯಸ್ 1753ರಲ್ಲಿ ಸಟೈವಾ ಎಂದೂ, ಲಾಮಾರ್ಕ್ 1785ರಲ್ಲಿ ಭಾರತದ ಗಿಡಕ್ಕೆ ಇಂಡಿಕಾ ಎಂದೂ ಹೆಸರಿಟ್ಟದ್ದು ಸಸ್ಯಶಾಸ್ತ್ರಕ್ಕೆ. ಈಗಿನ ತಳಿಗಳು ಅಷ್ಟು ಬೆರೆತುಹೋಗಿವೆ. ಡಾಲ್‌ಹೌಸಿ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಈ ಹಣೆಪಟ್ಟಿಗಳು ವಂಶವನ್ನು ಸರಿಯಾಗಿ ತಿಳಿಸುವುದಿಲ್ಲ, ಪರಿಮಳದ ಕೆಲವು ಅಂಶಗಳಿಗಷ್ಟೇ ಹೊಂದುತ್ತವೆ ಎಂದು ಕಂಡುಬಂತು. ಟಿಎಚ್‌ಸಿ ಎಷ್ಟು ಎನ್ನುವುದು ಬಹುಪಾಲು ವಂಶದಿಂದ ಬರುವುದು. ಮನೆಯ ಬೆಳೆಗೆ ಪ್ರಯೋಗಾಲಯದ ಚೀಟಿ ಇರುವುದಿಲ್ಲವಾದ್ದರಿಂದ ಬಳಸುವವರು ಅದು ಸೌಮ್ಯ ಎಂದು ತಿಳಿದು ಮೋಸಹೋಗಬಾರದು. ಮಕ್ಕಳ, ಸಾಕುಪ್ರಾಣಿಗಳ ಕೈಬಾಯಿಗೆ ಸಿಗದಂತೆ ಬೀಗ ಹಾಕಿಡಬೇಕು.

ಊರಿನಿಂದ ಬಂದವರು ಹಿತ್ತಿಲು ನೋಡಿ, "ಇದರ ಬೀಜ ನಮ್ಮ ತೋಟದಲ್ಲಿ ಹೇಗೆ ಬಂದೀತು?" ಎಂದು ಕೇಳುವುದುಂಟು. ಗಿಡದ ಲೆಕ್ಕದಲ್ಲಿ ಉತ್ತರ ಸುಲಭ: ಊರಿನ ಕಡೆ ಹಗಲು ಸುಮಾರು 13 ಗಂಟೆಗಿಂತ ಹೆಚ್ಚಾಗದ ಕಾರಣ ಹಗಲು ನೋಡಿ ಹೂ ಬಿಡುವ ಈ ಉತ್ತರದ ತಳಿಗಳು ಮೈ ಬೆಳೆಸುವ ಮೊದಲೇ ಹೂವಿಗೆ ಕೂತು ಕುಳ್ಳಾಗಿಬಿಡುತ್ತವೆ. ಕಾನೂನಿನ ಲೆಕ್ಕ ಅದಕ್ಕಿಂತ ಖಡಾಖಂಡಿತ. ಭಾರತದ ಮಾದಕದ್ರವ್ಯ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಉತ್ತರಾಖಂಡದಂಥ ರಾಜ್ಯಗಳು ನಾರು, ಬೀಜಕ್ಕಾಗಿ ಹೆಂಪ್ ಬೆಳೆಯಲು ಕೊಡುವ ಪರವಾನಗಿ ಬೇರೆಯೇ ವಿಷಯ. ಕೆನಡಾದಿಂದ ಗಾಂಜಾ ಹೊರಗೆ ಒಯ್ಯುವುದು ಕೆನಡಾದಲ್ಲೇ ಅಪರಾಧ.

ಕಾನೂನು ಒಪ್ಪುವ ನಾಡಿನಲ್ಲಿರುವ ಕನ್ನಡಿಗರಲ್ಲಿ ಯಾರಿಗಾದರೂ ನೆಡುವ ಮನಸ್ಸಿದ್ದರೆ ನನ್ನ ಸಲಹೆ ಇಷ್ಟೇ. ಬೀಜ ಕೊಳ್ಳುವ ಮೊದಲು ನಿಮ್ಮೂರಿನ ಮೂರು ದಿನಾಂಕ ಬರೆದುಕೊಳ್ಳಿ: ಹಗಲು 14 ಗಂಟೆಗೆ ಇಳಿಯುವುದು ಯಾವಾಗ, ಜಿಟಿಜಿಟಿ ಮಳೆ ಹಿಡಿಯುವುದು ಯಾವಾಗ, ಮೊದಲ ಫ್ರಾಸ್ಟ್ ಬೀಳುವುದು ಯಾವಾಗ. ಮೊದಲನೆಯದಕ್ಕೂ ಉಳಿದೆರಡರಲ್ಲಿ ಬೇಗ ಬರುವುದಕ್ಕೂ ನಡುವೆ ಒಂಬತ್ತು ವಾರ ಸಿಗದಿದ್ದರೆ ಆಟೋಫ್ಲವರ್ ತನ್ನಿ. ಸಿಕ್ಕಿದರೆ ಬೇಗ ಮಾಗುವ, ಹೂವು ಸಡಿಲವಿರುವ ತಳಿ ಹುಡುಕಿ. ಅಂಗಡಿಯವರು ಹೇಳುವ ಮಿಕ್ಕೆಲ್ಲ ಗುಣಗಾನ ಆಮೇಲೆ ಕೇಳಿದರೆ ಸಾಕು.