ನೆರೆಹೊರೆಯ ಪದಗಳು

ನಿಘಂಟನ್ನು ತೆರೆದು ಒಂದು ಇಂಗ್ಲಿಷು ಪದಕ್ಕೆ ಕನ್ನಡದ ಅರ್ಥ ನೋಡಿಕೊಂಡೊಡನೆ ಆ ಪದ ನಮ್ಮದಾಯಿತೆಂದು ನಾವು ತಿಳಿಯುತ್ತೇವೆ. ಎರಡು ಪದಗಳಿಗೆ ಒಂದೇ ಅರ್ಥ ಕೊಟ್ಟಿದ್ದರಂತೂ ನಾಲಗೆಗೆ ಮೊದಲು ಬಂದುದನ್ನು ಬಳಸಿಬಿಡುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ನಮ್ಮಂಥವರ ತೊಡಕು ಬಹುಮಟ್ಟಿಗೆ ಇಲ್ಲಿಯೇ ಹುಟ್ಟುವುದೆಂದು ನನಗೆ ತೋರುತ್ತದೆ. ಇದನ್ನು ಬುದ್ಧಿಯ ಕೊರತೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಒಂದೊಂದು ಭಾಷೆಯೂ ಲೋಕವನ್ನು ತನ್ನದೇ ಆದ ಗೆರೆಗಳಿಂದ ಹಂಚಿಕೊಂಡಿರುತ್ತದೆ. ಕನ್ನಡವು ಗೆರೆ ಎಳೆಯದೆ ಬಿಟ್ಟ ಎಷ್ಟೋ ಕಡೆ ಇಂಗ್ಲಿಷು ಗೆರೆ ಎಳೆದಿದೆ. ಆ ಜಾಗಗಳನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಆದಂತೆಯೇ.

ನಮ್ಮ ಮೈಯಿಂದಲೇ ಆರಂಭಿಸೋಣ. ನಮಗೆ ಭುಜದಿಂದ ಬೆರಳಿನವರೆಗೂ 'ಕೈ' ಒಂದೇ. ಇಂಗ್ಲಿಷಿನವರಿಗೆ ಮಣಿಕಟ್ಟಿನವರೆಗೆ 'ಆರ್ಮ್', ಅಲ್ಲಿಂದ ಮುಂದಕ್ಕೆ 'ಹ್ಯಾಂಡ್'. ಹಾಗೆಯೇ ನಮ್ಮ 'ಕಾಲು' ಅವರಲ್ಲಿ 'ಲೆಗ್' ಮತ್ತು 'ಫುಟ್' ಎಂದು ಎರಡಾಗುತ್ತದೆ. ಕೈಬೆರಳು 'ಫಿಂಗರ್' ಆದರೆ ಕಾಲ್ಬೆರಳು 'ಟೋ'. 'ನೆರಳು' ಎಂಬ ಮಾತೂ ಹೀಗೆಯೇ. ಬಿಸಿಲು ತಾಗದ ತಂಪು ಜಾಗ 'ಷೇಡ್'. ಬೆಳಕಿಗೆ ಅಡ್ಡವಾದ ವಸ್ತುವಿನ ಆಕಾರ ನೆಲದ ಮೇಲೆ ಕಪ್ಪಾಗಿ ಬಿದ್ದರೆ ಅದು 'ಷ್ಯಾಡೋ'. ದಾರಿಹೋಕನು ಹುಣಸೆಮರದ 'ಷೇಡ್'ನಲ್ಲಿ ದಣಿವಾರಿಸಿಕೊಂಡು ಎದ್ದಾಗ, ಅವನ 'ಷ್ಯಾಡೋ' ಅವನೊಡನೆಯೇ ಎದ್ದು ಹೊರಡುತ್ತದೆ.

ಕ್ರಿಯಾಪದಗಳಲ್ಲಿ 'ಕೇಳು' ಎಂಬುದು ಒಳ್ಳೆಯ ಉದಾಹರಣೆ. ಶಬ್ದ ತಾನಾಗಿ ಕಿವಿಗೆ ಬಿದ್ದರೆ 'ಹಿಯರ್'. ಮನಸ್ಸಿಟ್ಟು ಆಲಿಸಿದರೆ 'ಲಿಸನ್'. ಪ್ರಶ್ನೆ ಹಾಕಿದರೆ 'ಆಸ್ಕ್'. ಕೊನೆಯ ಬೆಂಚಿನಲ್ಲಿ ಪಾಠವನ್ನು 'ಹಿಯರ್' ಮಾಡುವವರು ಹಲವರು, 'ಲಿಸನ್' ಮಾಡುವವರು ಕೆಲವರು, 'ಆಸ್ಕ್' ಮಾಡುವವರು ಒಬ್ಬರೋ ಇಬ್ಬರೋ ಎಂದರೆ ಅಧ್ಯಾಪಕರು ಒಪ್ಪುವರೆಂದು ನಂಬಿದ್ದೇನೆ. 'ಸಾಲ' ಎಂಬುದರ ಕಥೆ ಇದಕ್ಕಿಂತ ಗಂಭೀರ. ನಾವು ಆ ಒಂದೇ ಪದಕ್ಕೆ 'ಕೊಡು' ಅಥವಾ 'ತೆಗೆದುಕೊ' ಎಂದು ಸೇರಿಸಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಕೊಡುವುದು 'ಲೆಂಡ್', ತೆಗೆದುಕೊಳ್ಳುವುದು 'ಬಾರೋ'. ಇವೆರಡು ಅದಲುಬದಲಾದರೆ ಪತ್ರದಲ್ಲಿ ಸಾಲಗಾರನೇ ಸಾಹುಕಾರನಾಗಿಬಿಡುತ್ತಾನೆ!

ಬಾಲದಲ್ಲಿ ಮಾತ್ರ ಭೇದವಿರುವ ಪದಗಳೂ ಉಂಟು. ಇತಿಹಾಸದಲ್ಲಿ ಅಚ್ಚಳಿಯದೆ ನಿಲ್ಲುವಂಥದು 'ಹಿಸ್ಟಾರಿಕ್'; ಇತಿಹಾಸಕ್ಕೆ ಸಂಬಂಧಿಸಿದ್ದೆಲ್ಲವೂ 'ಹಿಸ್ಟಾರಿಕಲ್'. ಕನ್ನಡನಾಡು ಒಂದಾದ 1956ರ ನವೆಂಬರ್ 1 'ಹಿಸ್ಟಾರಿಕ್' ದಿನ. ಆ ಕಾಲವನ್ನು ಕುರಿತು ಇಂದು ಬರೆದ ಕಾದಂಬರಿ 'ಹಿಸ್ಟಾರಿಕಲ್' ಕಾದಂಬರಿ. ಸರ್ಕಾರದ ಹಣಕಾಸಿನ ನೀತಿ 'ಎಕನಾಮಿಕ್'. ಬಂದ ಸಂಬಳದಲ್ಲಿ ತಿಂಗಳನ್ನು ತೂಗಿಸುವ ಗೃಹಿಣಿ 'ಎಕನಾಮಿಕಲ್'.

ಇಂಗ್ಲಿಷಿನಲ್ಲಿ ಇಷ್ಟೊಂದು ಜೋಡಿಗಳು ಬಂದುದಕ್ಕೆ ಚರಿತ್ರೆಯೂ ಒಂದು ಕಾರಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್, ದುಡಿಯುವವರ ಮಾತು ಇಂಗ್ಲಿಷು ಆಯಿತು. ಹಟ್ಟಿಯಲ್ಲಿರುವ ಕುರಿಗೆ ದುಡಿಯುವವರ 'ಷೀಪ್' ಎಂಬ ಹೆಸರು ಉಳಿಯಿತು. ಒಡೆಯರ ಊಟದ ಮೇಜಿಗೆ ಬಂದ ಅದರ ಮಾಂಸಕ್ಕೆ ಫ್ರೆಂಚಿನಿಂದ ಬಂದ 'ಮಟನ್' ಎಂಬ ಹೆಸರು ನಿಂತಿತು. ಸರ್ ವಾಲ್ಟರ್ ಸ್ಕಾಟನು 1819ರಲ್ಲಿ ಪ್ರಕಟವಾದ 'ಐವನ್ ಹೋ' ಕಾದಂಬರಿಯಲ್ಲಿ ಇಂಥ ಜೋಡಿಗಳ ವಿಚಾರವನ್ನು ಒಬ್ಬ ವಿದೂಷಕನ ಬಾಯಲ್ಲಿ ಹೇಳಿಸಿದ್ದಾನೆ.

ಇವೆಲ್ಲ ಪರೀಕ್ಷೆಯ ಅಂಕಗಳಿಗಷ್ಟೇ ಬೇಕಾದ ಸಂಗತಿಗಳೆಂದು ಯಾರಾದರೂ ಅಂದಾರು. ನ್ಯಾಯಶಾಸ್ತ್ರದ ಎರಡು ಪದಗಳನ್ನು ಅವರು ನೋಡಲಿ. 'ಕಳ್ಳರು ದೋಚಿಕೊಂಡು ಹೋದರು' ಎಂಬುದು ಮನೆಮಾತಿಗೆ ಸಾಕು, ಕಾನೂನಿಗೆ ಸಾಲದು. ಇನ್ನೊಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಸಾಗಿಸುವುದು 'ಥೆಫ್ಟ್'. ಅದಕ್ಕಾಗಿ ಪೆಟ್ಟು ಕೊಟ್ಟರೆ, ಇಲ್ಲವೆ ಆ ಕ್ಷಣದಲ್ಲಿಯೇ ಪ್ರಾಣಭಯ ಒಡ್ಡಿದರೆ, 'ರಾಬರಿ'. ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೂಡಿ 'ರಾಬರಿ' ಮಾಡಿದರೆ 'ಡಕಾಯಿಟಿ'. ಈ ಪದವಂತೂ ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋದುದು. 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ಭೇದ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದಿದೆ. ಸಾಮಾನ್ಯ 'ಥೆಫ್ಟ್'ಗೆ 3 ವರ್ಷದವರೆಗೆ ಸೆರೆಮನೆ. 'ರಾಬರಿ'ಗೆ 10 ವರ್ಷದವರೆಗೆ ಕಠಿಣ ಸಜೆ. ನಾಳೆ ಕಚೇರಿಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಬಡವರ ಹೇಳಿಕೆಗಳನ್ನು ಭಾಷಾಂತರಿಸಬೇಕಾದವರು ನಮ್ಮಲ್ಲಿಯೇ ಕೆಲವರು. ಅವರ ಲೇಖನಿಗೆ ಈ ಭೇದ ತಿಳಿದಿರಲೇಬೇಕು.

ಹಾಗೆಂದು ನಮ್ಮ ಭಾಷೆ ಬಡವೆಂದು ತಿಳಿಯಬಾರದು. ಇಂಗ್ಲಿಷಿನವರು ಸೀರೆ, ಬಳೆ, ಹೂವು ಎಲ್ಲಕ್ಕೂ 'ವೇರ್' ಎನ್ನುತ್ತಾರೆ. ನಾವು ಸೀರೆಯನ್ನು ಉಡುತ್ತೇವೆ, ಬಳೆಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ. ಗದ್ದೆಯ ಬತ್ತ, ಮೊರದ ಅಕ್ಕಿ, ಎಲೆಯ ಮೇಲಿನ ಅನ್ನ ಮೂರೂ ಅವರಿಗೆ 'ರೈಸ್'. ಅಕ್ಕನೂ ತಂಗಿಯೂ 'ಸಿಸ್ಟರ್'. ಕನ್ನಡ ಕಲಿಯುವ ಇಂಗ್ಲಿಷಿನವನೂ ಇಲ್ಲಿ ನಮ್ಮಷ್ಟೇ ತೊಳಲಬೇಕು.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಸೂಚನೆ. ಹೊಸ ಪದ ಸಿಕ್ಕಾಗ ಅದರ ಅರ್ಥವನ್ನು ಮಾತ್ರ ಬರೆದುಕೊಳ್ಳದೆ, ಅದರ ನೆರೆಯ ಪದವನ್ನೂ ಪಕ್ಕದಲ್ಲಿ ಬರೆದು, ಎರಡಕ್ಕೂ ಒಂದೊಂದು ವಾಕ್ಯ ರಚಿಸಬೇಕು. ಒಂದರ ವಾಕ್ಯದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಎಲ್ಲಿ ಅದು ಹೊಂದಿಕೊಳ್ಳುವುದಿಲ್ಲವೋ ಅಲ್ಲಿಯೇ ಇಂಗ್ಲಿಷು ಎಳೆದ ಗೆರೆ ಇದೆ. ದಿನಕ್ಕೊಂದು ಜೋಡಿಯಾದರೂ ವರ್ಷ ಮುಗಿಯುವ ವೇಳೆಗೆ 365 ಆಗುತ್ತವೆ. ಜೊತೆಗೆ, ಕನ್ನಡ ಎಳೆದಿರುವ ಗೆರೆಗಳೂ ನಮ್ಮ ಕಣ್ಣಿಗೆ ಬೀಳತೊಡಗುತ್ತವೆ.