ಅಂಗಳದ ಅಡಿಕೆ ನೆನೆಯದಿರಲು: ಹವಾಮಾನ ನಕ್ಷೆ ಓದುವ ಹನ್ನೊಂದು ಸೂತ್ರಗಳು

ಯಶಸ್ಸು ಎಂದರೆ ಇಲ್ಲಿ ದೊಡ್ಡ ಮಾತೇನಿಲ್ಲ. ಅಂಗಳದಲ್ಲಿ ಹರವಿದ ಅಡಿಕೆ ನೆನೆಯಬಾರದು. ತೋಟಕ್ಕೆ ಬಿಟ್ಟ ಬೋರ್ಡೋ ಮದ್ದು ಒಣಗುವ ಮೊದಲೇ ತೊಳೆದು ಹೋಗಬಾರದು. ಮಗಳ ಮದುವೆಯ ಚಪ್ಪರ ಪಕ್ಕದ ಗದ್ದೆಗೆ ಹಾರಬಾರದು. ಇಷ್ಟಕ್ಕೆ ಬೇಕಾದ ನಕ್ಷೆಗಳನ್ನು ಭಾರತೀಯ ಹವಾಮಾನ ಇಲಾಖೆ ದಿನವೂ ಪುಕ್ಕಟೆಯಾಗಿ ಕೊಡುತ್ತದೆ. ನಾವು ಬಣ್ಣ ನೋಡಿ ಹೆದರುತ್ತೇವೆ, ಮಳೆ ಬಾರದಿದ್ದರೆ ಇಲಾಖೆಯನ್ನು ಆಡಿಕೊಂಡು ನಗುತ್ತೇವೆ. ಓದುವವರು ಕಡಿಮೆ.

1. ಮೊದಲು ತಾರೀಕು, ಆಮೇಲೆ ಗಡಿಯಾರ

ವಾಟ್ಸಾಪಿನಲ್ಲಿ ಬಂದ ನಕ್ಷೆಯ ಮೂಲೆಯಲ್ಲಿ ತಾರೀಕು ಹುಡುಕಿ. ಸಿಗದಿದ್ದರೆ ಅಳಿಸಿಬಿಡಿ, ಹಳೆಯ ಕೆಂಪು ನಕ್ಷೆ ಪ್ರತಿ ಮಳೆಗಾಲದಲ್ಲೂ ಊರೂರು ಸುತ್ತುತ್ತದೆ. ತಾರೀಕು ಸರಿಯಿದ್ದರೆ ಗಂಟೆ ನೋಡಿ. ಉಪಗ್ರಹ ಚಿತ್ರದಲ್ಲೂ ಒತ್ತಡದ ನಕ್ಷೆಯಲ್ಲೂ ಸಾಮಾನ್ಯವಾಗಿ ಇರುವುದು ಯುಟಿಸಿ, ಅಂದರೆ ಜಾಗತಿಕ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ. 0300 ಎಂದರೆ ಬೆಳಿಗ್ಗೆ 8.30. ನಾನೊಮ್ಮೆ 0900 ಎಂದಿದ್ದ ಚಿತ್ರವನ್ನು ಬೆಳಗಿನದೆಂದೇ ತಿಳಿದು, ಆ ಮೋಡ ಆಗಲೇ ದಾಟಿ ಹೋಗಿರಬೇಕು ಎಂದು ಊಟಕ್ಕೆ ಕೂತೆ. ಅದು ಮಧ್ಯಾಹ್ನ ಎರಡೂವರೆಯ ಚಿತ್ರ. ಅನ್ನಕ್ಕೆ ಸಾರು ಬೀಳುವ ಹೊತ್ತಿಗೆ ಅಂಗಳಕ್ಕೆ ಮಳೆ ಬಿದ್ದಿತ್ತು.

ಮಳೆಯ ಲೆಕ್ಕದ ದಿನವೂ ಬೇರೆ. ಅದು ನಡುರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಇಂದಿನ ಹೆಸರಿನಲ್ಲಿ ಬರುವ ಅಂಕಿಯಲ್ಲಿ ಬಹುಪಾಲು ನಿನ್ನೆಯ ಮಳೆಯೇ.

2. ಒಂದೇ ಕೆಂಪು, ಎರಡು ಅರ್ಥ

ಎಚ್ಚರಿಕೆಯ ನಕ್ಷೆಯಲ್ಲಿ ಹಸಿರು ಎಂದರೆ ಚಿಂತೆ ಇಲ್ಲ, ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಇದು ಎಲ್ಲರಿಗೂ ಗೊತ್ತು. ಇಲಾಖೆಯ ಇನ್ನೊಂದು ನಕ್ಷೆ ಇದೆ, ಈ ಹಂಗಾಮಿನಲ್ಲಿ ವಾಡಿಕೆಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಮಳೆಯಾಯಿತು ಎಂದು ತೋರಿಸುವುದು. ಅದರಲ್ಲಿ ನೀಲಿ ಎಂದರೆ ಹೆಚ್ಚು, ಹಸಿರು ಎಂದರೆ ವಾಡಿಕೆಯಂತೆ, ಕೆಂಪು ಎಂದರೆ ಶೇ 20ರಿಂದ 59ರಷ್ಟು ಕೊರತೆ, ಹಳದಿ ಎಂದರೆ ಶೇ 60ಕ್ಕೂ ಮಿಕ್ಕಿದ ಕೊರತೆ. ಅಲ್ಲಿನ ಕೆಂಪು ನೆರೆಯದು, ಇಲ್ಲಿನ ಕೆಂಪು ಬರದ್ದು. ವಾಡಿಕೆ ಎಂದರೆ ಕರಾರುವಾಕ್ಕಾದ ಒಂದು ಅಂಕಿಯಲ್ಲ ಎಂಬುದೂ ನೆನಪಿರಲಿ: ಶೇ 19 ಕಡಿಮೆಯಾದರೂ ಹೆಚ್ಚಾದರೂ ಇಲಾಖೆಯ ಪುಸ್ತಕದಲ್ಲಿ ಅದು ವಾಡಿಕೆಯ ಮಳೆಯೇ. ನಿಮ್ಮ ಬಾವಿಯ ಪುಸ್ತಕದಲ್ಲಿ ಹಾಗಿರಬೇಕಿಲ್ಲ.

3. ಬಣ್ಣ ಜಿಲ್ಲೆಗೆ, ಮಳೆ ಊರಿಗೆ

ಚಿಕ್ಕಮಗಳೂರು ಜಿಲ್ಲೆಗೆ ಕಿತ್ತಳೆ ಬಳಿದಿದ್ದಾರೆ ಎನ್ನಿ. ಶೃಂಗೇರಿಯವರು ಕೊಡೆ ಬಿಚ್ಚುತ್ತಾರೆ, ಕಡೂರಿನವರು ಬಿಸಿಲಲ್ಲಿ ನಿಂತು ಇಲಾಖೆಗೆ ಬೈಯುತ್ತಾರೆ. ಇಬ್ಬರದೂ ಒಂದೇ ಜಿಲ್ಲೆ. ಒಬ್ಬರು ಘಟ್ಟದ ನೆತ್ತಿಯಲ್ಲಿ, ಇನ್ನೊಬ್ಬರು ಮಳೆಯ ನೆರಳಿನಲ್ಲಿ. ಸಕಲೇಶಪುರ ಮತ್ತು ಅರಸೀಕೆರೆಯ ಕಥೆಯೂ ಇದೇ. ಹಾಗಾಗಿ ಬಣ್ಣದ ಜೊತೆಗಿರುವ ಮಾತನ್ನು ಓದಿ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ. ‘ಕೆಲವು ಕಡೆ’ ಎಂದರೆ ಶೇ 50ರವರೆಗೆ, ‘ಹಲವು ಕಡೆ’ ಎಂದರೆ ಶೇ 75ರವರೆಗೆ, ‘ಬಹುತೇಕ ಎಲ್ಲ ಕಡೆ’ ಎಂದರೆ ಅದಕ್ಕೂ ಮೇಲೆ. ವಾರ್ತೆ ಓದುವವರು ನುಂಗಿಬಿಡುವ ಈ ಪುಟ್ಟ ಪದಗಳಲ್ಲೇ ಅರ್ಧ ಮುನ್ಸೂಚನೆ ಇದೆ.

ಇನ್ನರ್ಧ ‘ಭಾರಿ’ ಎಂಬ ಪದದಲ್ಲಿ. ಅದು ವರ್ಣನೆಯಲ್ಲ, ಅಳತೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ಅದಕ್ಕೂ ಮೇಲಿನ ದರ್ಜೆ. ಇಂಚಿನಲ್ಲೇ ಮಾತಾಡುವ ಹಿರಿಯರಿಗೆ ಸುಮಾರು ಎರಡೂವರೆ, ನಾಲ್ಕೂವರೆ, ಎಂಟು ಎಂದು ಹೇಳಿದರೆ ತಕ್ಷಣ ತಲೆಯಾಡಿಸುತ್ತಾರೆ.

4. ಗೆರೆಗಳ ನಡುವಿನ ಜಾಗ ನೋಡಿ

ಒತ್ತಡದ ನಕ್ಷೆಯಲ್ಲಿ ಹಾವಿನಂತೆ ಹರಿದಿರುವ ಗೆರೆಗಳು ಸಮಭಾರ ರೇಖೆಗಳು. ಒಂದೇ ವಾಯುಭಾರದ ಊರುಗಳನ್ನು ಕೂಡಿಸಿ ಎಳೆದವು. ಗೆರೆಗಳು ಒತ್ತೊತ್ತಾಗಿದ್ದರೆ ಗಾಳಿ ಜೋರು, ದೂರ ದೂರ ಇದ್ದರೆ ಮಂದ. ಬೆಂಗಳೂರಿನಂಥ ಎತ್ತರದ ಊರಿನ ನಿಜವಾದ ಒತ್ತಡ ಮಂಗಳೂರಿನದಕ್ಕಿಂತ ಸುಮಾರು 100 ಹೆಕ್ಟೊಪ್ಯಾಸ್ಕಲ್ ಕಡಿಮೆ. ಅದನ್ನು ಹಾಗೆಯೇ ಬರೆದರೆ ಬೆಂಗಳೂರಿನ ಮೇಲೆ ವರ್ಷವಿಡೀ ಚಂಡಮಾರುತ ನಿಂತಂತೆ ಕಂಡೀತು. ಆದ್ದರಿಂದ ಎಲ್ಲ ಊರುಗಳನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿರುತ್ತಾರೆ.

ನಕ್ಷೆ ಕೈಯಲ್ಲಿಲ್ಲದಾಗ ಒಂದು ಉಪಾಯ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕಡಿಮೆ ಒತ್ತಡ ನಿಮ್ಮ ಎಡಗೈ ಕಡೆಗಿದೆ. ಡಚ್ ವಿಜ್ಞಾನಿ ಬೈಸ್ ಬ್ಯಾಲೊಟ್ 1857ರಲ್ಲಿ ಹೇಳಿದ ನಿಯಮವಿದು. ಭೂಮಧ್ಯರೇಖೆಯಿಂದ ಉತ್ತರಕ್ಕಿರುವ ನಮಗೆಲ್ಲ ಅನ್ವಯ. ಆಷಾಢದ ಪಡುವಣ ಗಾಳಿಗೆ ಬೆನ್ನು ಹಾಕಿ ನೋಡಿ. ಎಡಗೈ ಉತ್ತರಕ್ಕೆ ಚಾಚುತ್ತದೆ, ಗಂಗೆಯ ಬಯಲಿನ ಮೇಲೆ ಮಲಗಿರುವ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿಯತ್ತ.

5. ‘ಎಲ್’ ಅಕ್ಷರ ಕಂಡರೆ ತಿಂಗಳು ಕೇಳಿ

ಇಂಗ್ಲಿಷಿನ ಎಲ್ ಎಂದರೆ ಕಡಿಮೆ ಒತ್ತಡ, ಎಚ್ ಎಂದರೆ ಅಧಿಕ ಒತ್ತಡ. ನಮ್ಮ ಪತ್ರಿಕೆಗಳಿಗೆ ಎಲ್ಲವೂ ‘ವಾಯುಭಾರ ಕುಸಿತ’. ಇಲಾಖೆಗೆ ಮೆಟ್ಟಿಲುಗಳಿವೆ: ಗಾಳಿ 17 ನಾಟ್‌ಗಿಂತ ಕಡಿಮೆ ಇದ್ದರೆ ಬರೀ ಕಡಿಮೆ ಒತ್ತಡದ ಪ್ರದೇಶ, 17 ಮುಟ್ಟಿದರೆ ಡಿಪ್ರೆಶನ್, 28ಕ್ಕೆ ಡೀಪ್ ಡಿಪ್ರೆಶನ್, 34ಕ್ಕೆ ಚಂಡಮಾರುತ. ಹೆಸರಿಡುವ ಶಾಸ್ತ್ರ ಆಗ ಮಾತ್ರ.

ನನಗೆ ಇಡೀ ನಕ್ಷೆಯಲ್ಲಿ ಹೆಚ್ಚು ಇಷ್ಟದ ಸಂಗತಿ ಇದು: ಬಂಗಾಳ ಕೊಲ್ಲಿಯಲ್ಲಿ ಒಂದು ಎಲ್ ಬರೆದರೆ ಕರ್ನಾಟಕದಲ್ಲಿ ಮಳೆ ಎಲ್ಲಿ ಬೀಳುತ್ತದೆ? ಉತ್ತರ ತಿಂಗಳಿನಲ್ಲಿದೆ. ಕಡಿಮೆ ಒತ್ತಡದ ಸುತ್ತ ಗಾಳಿ ನಮ್ಮಲ್ಲಿ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಜುಲೈಯಲ್ಲಿ ಎಲ್ ಒಡಿಶಾ ಕರಾವಳಿಯ ಹತ್ತಿರ ನಿಲ್ಲುತ್ತದೆ. ನಾವು ಅದರ ದಕ್ಷಿಣಕ್ಕಿದ್ದೇವೆ. ಅಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಅರಬ್ಬಿ ಸಮುದ್ರದ ತೇವ ಘಟ್ಟಕ್ಕೆ ಬಡಿಯುತ್ತದೆ. ಎಲ್ ಇರುವುದು ಸಾವಿರ ಕಿಲೋಮೀಟರ್ ಆಚೆ, ತೋಯುವುದು ಹೊನ್ನಾವರ, ಆಗುಂಬೆ, ಭಾಗಮಂಡಲ. ಚಳ್ಳಕೆರೆಗೆ ಬರೀ ಗಾಳಿ.

ನವೆಂಬರಿನಲ್ಲಿ ಅದೇ ಎಲ್ ತಮಿಳುನಾಡಿನ ಕಡಲಿಗೆ ಇಳಿದಿರುತ್ತದೆ. ಈಗ ನಾವು ಅದರ ಉತ್ತರಕ್ಕೂ ಪಶ್ಚಿಮಕ್ಕೂ ಇದ್ದೇವೆ. ಗಾಳಿ ಪೂರ್ವದ ಕಡೆಯಿಂದ. ತೋಯುವ ಸರದಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನದು. 2021ರ ನವೆಂಬರಿನಲ್ಲಿ ಚೆನ್ನೈ ಬಳಿ ದಡ ಸೇರಿದ ಡಿಪ್ರೆಶನ್ ಕೋಲಾರದಲ್ಲಿ ಕೊಯ್ಲಿಗೆ ಬಂದ ರಾಗಿಯನ್ನು ನೆಲಕ್ಕೆ ಮಲಗಿಸಿದ್ದು ಹೀಗೆ.

ಮುಂಗಾರಿನ ವರದಿಯಲ್ಲಿ ಕರಾವಳಿಗೆ ಸಮಾನಾಂತರವಾಗಿ, ದಕ್ಷಿಣ ಗುಜರಾತಿನಿಂದ ಕೇರಳದವರೆಗೆ ‘ಟ್ರಫ್’, ಅಂದರೆ ಕಡಿಮೆ ಒತ್ತಡದ ಪಟ್ಟಿ, ಇದೆ ಎಂದು ಬರೆದಿದ್ದರೆ, ಆ ದಿನ ಮದ್ದು ಬಿಡುವ ಕೆಲಸದವರಿಗೆ ಬೇರೆ ಕೆಲಸ ಹೇಳಿ.

6. ಗರಿ ಎಣಿಸಿ

ಗಾಳಿಯ ಗುರುತು ಗರಿ ಕಟ್ಟಿದ ಬಾಣದ ಹಾಗಿರುತ್ತದೆ. ಗರಿ ಇರುವ ತುದಿಯ ಕಡೆಯಿಂದ ಗಾಳಿ ಬರುತ್ತದೆ. ಅರ್ಧ ಗರಿಗೆ 5 ನಾಟ್, ಇಡೀ ಗರಿಗೆ 10, ತ್ರಿಕೋನದ ಬಾವುಟಕ್ಕೆ 50. ಎರಡು ಗರಿ, ಒಂದು ಅರ್ಧ ಗರಿ ಎಂದರೆ 25 ನಾಟ್. 1.85ರಿಂದ ಗುಣಿಸಿದರೆ ಗಂಟೆಗೆ ಸುಮಾರು 46 ಕಿ.ಮೀ.: ದೋಣಿ ದಡದಲ್ಲೇ ಇರಲಿ.

7. ಚಿಕ್ಕ ಗುರುತುಗಳು ಉರು ಹೊಡೆಯುವಷ್ಟಿಲ್ಲ

ಚುಕ್ಕಿ ಎಂದರೆ ಮಳೆ, ಅಲ್ಪವಿರಾಮ ಎಂದರೆ ತುಂತುರು, ಮೂರು ಅಡ್ಡಗೆರೆ ಎಂದರೆ ದಟ್ಟ ಮಂಜು, ಮಲಗಿದ ಎಂಟು ಎಂದರೆ ಒಣ ಮಬ್ಬು, ಕಾಲಿಗೆ ಬಾಣದ ತುದಿ ಸಿಕ್ಕಿಸಿಕೊಂಡ ಇಂಗ್ಲಿಷಿನ ಆರ್‌ನಂಥದು ಗುಡುಗು. ನಡುವಿನ ವೃತ್ತ ಎಷ್ಟು ಕಪ್ಪಾಗಿದೆಯೋ ಆಕಾಶದಲ್ಲಿ ಅಷ್ಟು ಮೋಡ. ಪಕ್ಕದ ಮೂರಂಕಿ ಒತ್ತಡದ್ದು: 062 ಎಂದರೆ 1006.2, 984 ಎಂದರೆ 998.4.

8. ಬೆಳ್ಳಗಿರುವುದೆಲ್ಲ ಮಳೆಯಲ್ಲ

ಇನ್ಸಾಟ್ ಉಪಗ್ರಹ ಸುಮಾರು 36,000 ಕಿ.ಮೀ. ಮೇಲಿಂದ ನೋಡುವುದು ಮೋಡದ ತಲೆಯನ್ನು, ಬುಡವನ್ನಲ್ಲ. ರಾತ್ರಿಯೂ ಸಿಗುವ ಇನ್‌ಫ್ರಾರೆಡ್ ಚಿತ್ರದಲ್ಲಿ ತಲೆ ಎಷ್ಟು ತಣ್ಣಗಿದೆಯೋ ಅಷ್ಟು ಬೆಳ್ಳಗೆ. ಬಹಳ ಎತ್ತರದ ತೆಳು ಮೋಡ ಹಾಲಿನಂತೆ ಹೊಳೆದರೂ ಒಂದು ಹನಿ ಉದುರಿಸದೆ ಹೋಗಬಹುದು. ಇದಕ್ಕೆ ತಿರುಗಾಮುರುಗಾ ನಮ್ಮ ಘಟ್ಟದ್ದು. ಮುಂಗಾರಿನಲ್ಲಿ ಅಲ್ಲಿನ ಮಳೆ ಎಷ್ಟೋ ಸಲ ಅಷ್ಟೇನೂ ಎತ್ತರವಿಲ್ಲದ ಮೋಡಗಳಿಂದಲೇ ಸುರಿಯುತ್ತದೆ. ಚಿತ್ರದಲ್ಲಿ ಮಂಕು ಬೂದು, ನೆಲದಲ್ಲಿ ಹಳ್ಳ ಉಕ್ಕಿದೆ. ಆಗುಂಬೆಯ ಮಳೆಯನ್ನು ಬಿಳುಪು ನೋಡಿ ಅಳೆಯಬೇಡಿ. ಒಳನಾಡಿನ ಏಪ್ರಿಲ್-ಮೇ ಗುಡುಗು ಮಳೆಗಾದರೆ ಬಿಳುಪು ನಂಬಬಹುದಾದ ಸಾಕ್ಷಿ: ಮಧ್ಯಾಹ್ನ ಕಂಡ ಸಣ್ಣ ಬಿಳಿ ಗುಂಡು ಮುಂದಿನ ಚಿತ್ರದಲ್ಲಿ ರೊಟ್ಟಿಯಷ್ಟು ಅಗಲವಾಗಿದ್ದರೆ ಒಳಗೆ ಬನ್ನಿ.

9. ರೇಡಾರಿನಲ್ಲಿ ಒಂದು ಚಿತ್ರ ಸಾಲದು

ಎರಡು ಮೂರು ಚಿತ್ರಗಳನ್ನು ಸಾಲಾಗಿ ನೋಡಿ, ಕೆಂಪು ತುಣುಕು ಯಾವ ಕಡೆಗೆ ಸರಿಯುತ್ತಿದೆ ಎಂದು ಗುರುತಿಸಿ. ಮುಂದಿನ ಒಂದೆರಡು ಗಂಟೆಗೆ ಇದಕ್ಕಿಂತ ಒಳ್ಳೆಯ ಶಕುನವಿಲ್ಲ. ಆದರೆ ರೇಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ, ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಘಟ್ಟದ ಮರೆಯ ಊರಿನವರು ಖಾಲಿ ಪರದೆಯನ್ನು ಹೊಳವು ಎಂದು ತಿಳಿಯಬಾರದು. ಸಿಡಿಲಿಗೆ ‘ದಾಮಿನಿ’ ಆ್ಯಪ್ ಬೇರೆಯೇ ಇದೆ, ಗದ್ದೆಗೆ ಇಳಿಯುವ ಮೊದಲು ತೆರೆಯಿರಿ.

10. ಚಂಡಮಾರುತದ ದಾರಿ ಗೆರೆಯಲ್ಲ, ಬೀಸಣಿಗೆ

ದಾರಿಯ ಎರಡೂ ಬದಿಗೆ ಅಗಲವಾಗುತ್ತ ಹೋಗುವ ನೆರಳು, ಚಂಡಮಾರುತದ ನಡುಬಿಂದು ಎಲ್ಲಿರಬಹುದು ಎಂಬ ಅಂದಾಜು. ಬಿರುಗಾಳಿಯ ಅಗಲವನ್ನು ಅದು ಹೇಳುವುದಿಲ್ಲ. 2021ರ ಮೇ ತಿಂಗಳ ತೌಕ್ತೆ ಕರ್ನಾಟಕದ ದಡ ಮುಟ್ಟಲೇ ಇಲ್ಲ. 17ರ ರಾತ್ರಿ ಗುಜರಾತಿನಲ್ಲಿ ದಡ ಸೇರಿತು. ಅಷ್ಟರೊಳಗೆ ನಮ್ಮ ಕರಾವಳಿಯಲ್ಲಿ ಕಡಲು ಮನೆಯಂಗಳಕ್ಕೆ ನುಗ್ಗಿತ್ತು.

11. ನಕ್ಷೆಯ ಪಕ್ಕದಲ್ಲಿ ನಿಮ್ಮದೊಂದು ಪುಸ್ತಕ ಇರಲಿ

ಕರಾವಳಿ, ಮಲೆನಾಡಿನ ಎಷ್ಟೋ ಕೃಷಿಕರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕವಿದೆ. ಒಂದು ಮಳೆಮಾಪಕ ಕೊಳ್ಳಿ, ಬೆಳಿಗ್ಗೆ 8.30ಕ್ಕೇ ಅಳೆಯಿರಿ, ಆಗ ಮಾತ್ರ ಇಲಾಖೆಯ ಅಂಕಿಯೊಂದಿಗೆ ತಾಳೆಯಾಗುತ್ತದೆ. ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರ್. ಪಕ್ಕದಲ್ಲಿ ಎರಡೇ ಸಂಗತಿ ಬರೆಯಿರಿ: ಎಲ್ ಎಲ್ಲಿತ್ತು, ನಿಮ್ಮ ಜಿಲ್ಲೆಗೆ ಯಾವ ಬಣ್ಣ. ಆರಿದ್ರಾ, ಪುನರ್ವಸು ಎಂದು ಮಳೆ ನಕ್ಷತ್ರದ ಹೆಸರನ್ನೂ ಬರೆದರೆ ನಷ್ಟವಿಲ್ಲ, ಅಜ್ಜನ ಲೆಕ್ಕಕ್ಕೆ ಕೊಂಡಿ ಸಿಗುತ್ತದೆ. ಎರಡು ಮಳೆಗಾಲ ಕಳೆದರೆ ಹಳದಿ ಬಂದಾಗ ನಿಮ್ಮ ಊರಿಗೆ ಸಾಮಾನ್ಯವಾಗಿ ಎಷ್ಟು ಬೀಳುತ್ತದೆ ಎಂಬ ಅಂದಾಜು ನಿಮಗೆ ಬರತೊಡಗುತ್ತದೆ. ಅದು ಯಾವ ನಕ್ಷೆಯಲ್ಲೂ ಇಲ್ಲ.

ಮಾಪಕವನ್ನು ಸೂರಿನ ಕೆಳಗೆ, ತೆಂಗಿನ ಬುಡದಲ್ಲಿ ಇಡಬೇಡಿ. ಮೇ ತಿಂಗಳಲ್ಲಿ ಆಚೆಮನೆಯವರ ಮಾಪಕ 20 ಮಿ.ಮೀ. ಹೆಚ್ಚು ತೋರಿಸಿತೆಂದು ಜಗಳಕ್ಕೂ ಹೋಗಬೇಡಿ. ಗುಡುಗು ಮಳೆ ಒಂದು ಗದ್ದೆ ತೋಯಿಸಿ ಪಕ್ಕದ್ದನ್ನು ಬಿಟ್ಟು ಹೋಗುತ್ತದೆ.