ವಿದೇಶ ಪ್ರವಾಸದಲ್ಲಿ ನಗದು ಮತ್ತು ಊಟದ ಲೆಕ್ಕ: ಸಿಂಗಪುರದ ಉದಾಹರಣೆ

ವ್ಯಾಪಾರ ನಿಮಿತ್ತ ಮೊದಲ ಬಾರಿಗೆ ವಿದೇಶಕ್ಕೆ ತೆರಳುವ ಸಣ್ಣ ಉದ್ಯಮಿಗೆ ವಿಮಾನದ ಟಿಕೆಟ್ ಹಾಗೂ ವಸತಿಯ ವೆಚ್ಚ ಮುಂಚಿತವಾಗಿಯೇ ತಿಳಿದಿರುತ್ತದೆ. ಲೆಕ್ಕ ತಪ್ಪುವುದು ದಿನನಿತ್ಯದ ಕೈಖರ್ಚಿನಲ್ಲಿ, ಅದರಲ್ಲಿಯೂ ಊಟದಲ್ಲಿ. ಸರಕಿನ ಮಾದರಿಗಳನ್ನು ಕೊಳ್ಳಲು ಇರಿಸಿಕೊಂಡ ಹಣವು ಊಟಕ್ಕೆ ವ್ಯಯವಾದರೆ ಪ್ರವಾಸದ ಉದ್ದೇಶಕ್ಕೇ ಧಕ್ಕೆಯೊದಗುತ್ತದೆ. ಆದ್ದರಿಂದ ಹೊರಡುವ ಮುನ್ನವೇ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಯುಕ್ತ.

ನಗದಿನ ಮಿತಿ

ರಿಸರ್ವ್ ಬ್ಯಾಂಕಿನ ನಿಯಮದಂತೆ ಸಿಂಗಪುರಕ್ಕೆ ಹೋಗುವವರು ಒಂದು ಪ್ರವಾಸಕ್ಕೆ 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ಮಾತ್ರ ವಿದೇಶಿ ನೋಟುಗಳನ್ನು ಪಡೆಯಬಹುದು. ಉಳಿದುದನ್ನು ಫಾರೆಕ್ಸ್ ಕಾರ್ಡ್ ಮುಂತಾದ ರೂಪದಲ್ಲಿ ಒಯ್ಯಬೇಕು. ಪರವಾನಗಿಯುಳ್ಳ ವಿನಿಮಯದಾರರಿಂದಲೇ ಖರೀದಿಸಬೇಕು, 50,000 ರೂ. ಮೀರಿದ ಖರೀದಿಗೆ ನಗದು ಪಾವತಿ ಸಲ್ಲದು. ಭಾರತೀಯ ನೋಟುಗಳನ್ನು 25,000 ರೂ.ಗಳವರೆಗೆ ಜೊತೆಯಲ್ಲಿರಿಸಿಕೊಳ್ಳಬಹುದು.

ಹಣದ ವಿಂಗಡಣೆ

ಹಣವನ್ನು ಮೂರು ಭಾಗ ಮಾಡುವುದು ಲೇಸು. ಆ ದಿನದ ಖರ್ಚಿಗೆ ಬೇಕಾದ ನೋಟುಗಳು ಜೇಬಿನಲ್ಲಿರಲಿ. ಆಪತ್ಕಾಲದ ನಗದು ಪ್ರತ್ಯೇಕ ಸ್ಥಳದಲ್ಲಿರಲಿ. ದೊಡ್ಡ ಪಾವತಿಗಳಿಗೆ ಕಾರ್ಡ್ ಇರಲಿ. ಕಾರ್ಡ್ ಬಳಸುವಾಗ ಯಂತ್ರವು ರೂಪಾಯಿಯೋ ಸ್ಥಳೀಯ ಡಾಲರೋ ಎಂದು ಕೇಳಿದರೆ ಸ್ಥಳೀಯ ಡಾಲರನ್ನೇ ಆರಿಸಬೇಕು. ರೂಪಾಯಿಯನ್ನು ಆರಿಸಿದರೆ ಸಾಮಾನ್ಯವಾಗಿ ವಿನಿಮಯ ದರದಲ್ಲಿ ಹೆಚ್ಚುವರಿ ಲಾಭಾಂಶ ಸೇರಿರುತ್ತದೆ.

ಊಟದ ಲೆಕ್ಕ

ಸಿಂಗಪುರದ ಅನೇಕ ರೆಸ್ಟೋರೆಂಟುಗಳ ದರಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಕೂಡು ಚಿಹ್ನೆಗಳಿರುತ್ತವೆ. ಶೇ. 10 ಸೇವಾಶುಲ್ಕ ಹಾಗೂ ಅದರ ಮೇಲೆ ಸರಕು-ಸೇವಾ ತೆರಿಗೆ (2024ರಿಂದ ಶೇ. 9) ಪ್ರತ್ಯೇಕ ಎಂಬುದು ಇದರ ಅರ್ಥ. 20 ಡಾಲರಿನ ಊಟಕ್ಕೆ ಸೇವಾಶುಲ್ಕ ಸೇರಿ 22, ತೆರಿಗೆ ಸೇರಿ 23.98 ಡಾಲರ್ ಆಗುತ್ತದೆ. ನಾಲ್ಕು ದಿನಗಳಲ್ಲಿ ಇಂತಹ ಎಂಟು ಊಟ ಮಾಡಿದರೆ ದರಪಟ್ಟಿಗಿಂತ 31.84 ಡಾಲರ್ ಅಧಿಕ ವ್ಯಯವಾಗುತ್ತದೆ.

ಇದಕ್ಕೆ ಪರ್ಯಾಯವೆಂದರೆ ಹಾಕರ್ ಸೆಂಟರ್ ಎಂಬ ಸಾರ್ವಜನಿಕ ಊಟದ ಕಟ್ಟೆಗಳು. ಇವುಗಳ ಸಂಸ್ಕೃತಿಯು 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಇಲ್ಲಿ ಸೇವಾಶುಲ್ಕವಿಲ್ಲ, ಫಲಕದಲ್ಲಿರುವ ಬೆಲೆಯನ್ನೇ ಸಾಮಾನ್ಯವಾಗಿ ಕೊಡುವುದು. ಅನೇಕ ಮಳಿಗೆಗಳಲ್ಲಿ ವಿದೇಶಿ ಕಾರ್ಡ್ ನಡೆಯದ ಕಾರಣ ಚಿಲ್ಲರೆ ನೋಟುಗಳು ಅಗತ್ಯ. ಉಂಡ ತಟ್ಟೆಯನ್ನು ನಿಗದಿತ ಸ್ಥಳದಲ್ಲಿರಿಸುವುದು 2021ರಿಂದ ಕಡ್ಡಾಯ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ದಕ್ಷಿಣ ಭಾರತದ ತಿಂಡಿಗಳು ದೊರೆಯುತ್ತವೆ. ಸಸ್ಯಾಹಾರಿಗಳು ಇತರ ಮಳಿಗೆಗಳಲ್ಲಿ ಒಣಸೀಗಡಿ, ಮೀನಿನ ಸಾರಗಳ ಬಗ್ಗೆ ಕೇಳಿ ತಿಳಿಯಬೇಕು. ನಲ್ಲಿಯ ನೀರು ಕುಡಿಯಲು ಯೋಗ್ಯವಾದುದರಿಂದ ಬಾಟಲಿಯೊಂದು ಜೊತೆಯಲ್ಲಿದ್ದರೆ ಆ ಖರ್ಚೂ ಉಳಿಯುತ್ತದೆ.

ಹಿಂದಿರುಗಿದ ಮೇಲೆ

ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಹಿಂದಿರುಗಿಸಬೇಕು. ಮುಂದಿನ ಬಳಕೆಗೆ 2,000 ಡಾಲರ್ ಮೌಲ್ಯದವರೆಗೆ ಇರಿಸಿಕೊಳ್ಳಬಹುದು. ಪ್ರತಿ ರಾತ್ರಿ ಆ ದಿನದ ಖರ್ಚನ್ನು ಬರೆದಿಟ್ಟು ರಸೀದಿಗಳನ್ನು ಕಾದಿರಿಸಿದರೆ, ಅದೇ ಮುಂದಿನ ಪ್ರವಾಸದ ಅಂದಾಜುಪಟ್ಟಿಯಾಗುತ್ತದೆ. ಅಂಗಡಿಯ ಲೆಕ್ಕದಲ್ಲಿ ತೋರುವ ಎಚ್ಚರವನ್ನೇ ಪ್ರವಾಸದಲ್ಲಿಯೂ ತೋರಿದವರಿಗೆ ವಿದೇಶದ ಮಾರುಕಟ್ಟೆ ದುಬಾರಿಯಾಗದು.